ಯುವಿ ಒಂದು ಹೇಳುತ್ತದೆ, ವಿಸ್ಕಾಸಿಟಿ ಇನ್ನೊಂದು ಹೇಳುತ್ತದೆ. ನನ್ನ ಕಾಂಪ್ಲೆಕ್ಸ್ ಡಿಎನ್‌ಎಗೆ ಅಂಟುವುದು ಹೇಗೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ತಾಮ್ರದ ಒಂದು ಕಾಂಪ್ಲೆಕ್ಸ್ ಮಾಡಿದ್ದೇನೆ, ಅಂದರೆ ತಾಮ್ರಕ್ಕೆ ಎರಡು ಸಾವಯವ ಅಣು ಕಟ್ಟಿಕೊಂಡಿವೆ: ಒಂದು ಫಿನಾಂತ್ರೋಲಿನ್, ಜೊತೆಗೆ ಒಂದು ಶಿಫ್ ಬೇಸ್. ಇದು ಡಿಎನ್‌ಎಗೆ ಹೇಗೆ ಅಂಟುತ್ತದೆ ಎಂದು ನೋಡಬೇಕು. ಮೂರು ಪ್ರಯೋಗ ಮಾಡಿದೆ.

ಮೊದಲು ಯುವಿ ಟೈಟ್ರೇಷನ್, ಅಂದರೆ ಡಿಎನ್‌ಎ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕಾಂಪ್ಲೆಕ್ಸ್ ಎಷ್ಟು ಬೆಳಕು ಹೀರುತ್ತದೆ ಎಂದು ನೋಡುವುದು. ಕಾಂಪ್ಲೆಕ್ಸ್ 20 ಮೈಕ್ರೋಮೋಲಾರ್‌ನಲ್ಲಿ ಇಟ್ಟು, ಕರುವಿನ ಥೈಮಸ್ ಡಿಎನ್‌ಎಯನ್ನು ಸೊನ್ನೆಯಿಂದ 100 ಮೈಕ್ರೋಮೋಲಾರ್‌ವರೆಗೆ ಏರಿಸುತ್ತಾ ಹೋದೆ. 268 ನ್ಯಾನೊಮೀಟರ್‌ನ ಪೀಕ್ 18% ಇಳಿಯಿತು. 2 ನ್ಯಾನೊಮೀಟರ್ ಕೆಂಪಿನ ಕಡೆ ಸರಿಯಿತು. ಗ್ರಾಫ್ ಹಾಕಿದಾಗ ಬೈಂಡಿಂಗ್ ಕಾನ್‌ಸ್ಟಂಟ್ (ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬ ಸಂಖ್ಯೆ) 2.4 × 10⁵ ಬಂತು.

ಆಮೇಲೆ ಎಥಿಡಿಯಂ ಬ್ರೋಮೈಡ್, ಡಿಎನ್‌ಎಗೆ ಅಂಟಿದಾಗ ಹೊಳೆಯುವ ಬಣ್ಣ. ಡಿಎನ್‌ಎ ಜೊತೆ ಎಥಿಡಿಯಂ ಹೊಳೆಯುತ್ತಿತ್ತು, ಕಾಂಪ್ಲೆಕ್ಸ್ ಹಾಕುತ್ತಾ ಹೋದಂತೆ ಹೊಳಪು 40% ಕಡಿಮೆಯಾಯಿತು.

ಕೊನೆಗೆ ವಿಸ್ಕಾಸಿಟಿ, ಅಂದರೆ ದ್ರಾವಣ ಎಷ್ಟು ಮಂದವಾಗಿ ಹರಿಯುತ್ತದೆ ಎಂಬ ಅಳತೆ. ಇಲ್ಲಿ ಏನೂ ಆಗಲಿಲ್ಲ. ಗೆರೆ ನೇರ ಮಲಗಿಕೊಂಡಿದೆ.

ಗೈಡ್ ಹೇಳುವುದು ಇಷ್ಟೇ: ‘ಎರಡು ಪ್ರಯೋಗ ಇಂಟರ್‌ಕಲೇಷನ್ ಅನ್ನುತ್ತಿವೆ, ವಿಸ್ಕಾಸಿಟಿ ಬಿಟ್ಟು ಪೇಪರ್ ಬರೆ.’ ನನಗೆ ಮನಸ್ಸು ಒಪ್ಪುತ್ತಿಲ್ಲ. ಮಾಡಿದ ಪ್ರಯೋಗ ಬಿಡುವುದು ಹೇಗೆ? ಯಾವುದನ್ನು ನಂಬಬೇಕು?

ಬಯಲುಸೀಮೆ
ನಿಮ್ಮ ಗೈಡ್ ಹೇಳಿದ್ದು ತಪ್ಪು. ವಿಸ್ಕಾಸಿಟಿ ಬಿಟ್ಟರೆ ಉಳಿದ ಎರಡರಿಂದ ಇಂಟರ್‌ಕಲೇಷನ್ ಅಂತ ಹೇಳಲು ಆಗುವುದೇ ಇಲ್ಲ.

ಜೆಲ್‌ಡಾಕ್
ಅಷ್ಟು ಖಡಾಖಂಡಿತ ಬೇಡ. ಎಷ್ಟೋ ಪೇಪರ್‌ಗಳಲ್ಲಿ ಯುವಿ, ಎಥಿಡಿಯಂ ಎರಡೇ ಇರುತ್ತವೆ. ಎಲ್ಲವೂ ಸುಳ್ಳಾ?

ಬಯಲುಸೀಮೆ
ಸುಳ್ಳು ಅನ್ನಲಿಲ್ಲ. ಅಂಟಿದೆ ಅನ್ನುವುದು ನಿಜ. ಹೇಗೆ ಅಂಟಿದೆ ಅನ್ನುವುದು ಆ ಎರಡರಿಂದ ಗೊತ್ತಾಗುವುದಿಲ್ಲ.

ಸುಮ್ನೆ ಓದುಗ
ನಾನು ಕಾಮರ್ಸ್ ಓದಿದವನು, ಆದರೂ ಕುತೂಹಲ. ಇಂಟರ್‌ಕಲೇಷನ್ ಅಂದರೇನು, ಅದಕ್ಕೂ ವಿಸ್ಕಾಸಿಟಿಗೂ ಏನು ಸಂಬಂಧ? ಯಾರಾದರೂ ಬಿಡಿಸಿ ಹೇಳಿ.

ಕಡಲತಡಿ
ಖಂಡಿತ. ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟಿದ್ದೀರಿ ಅಂದುಕೊಳ್ಳಿ. ಡಿಎನ್‌ಎ ಒಳಗೆ ಬೇಸ್ ಜೋಡಿಗಳು ಹಾಗೇ ಪೇರಿಸಿಕೊಂಡಿರುತ್ತವೆ, ಒಂದರಿಂದ ಇನ್ನೊಂದಕ್ಕೆ 3.4 ಆಂಗ್‌ಸ್ಟ್ರಾಂ. ಚಪ್ಪಟೆಯಾದ ಒಂದು ಅಣು ಎರಡು ರೊಟ್ಟಿಗಳ ನಡುವೆ ತೂರಿಕೊಂಡರೆ ಪೇರಿಯ ಎತ್ತರ ಇನ್ನೊಂದು ರೊಟ್ಟಿಯಷ್ಟು ಏರುತ್ತದೆ. ಇದೇ ಇಂಟರ್‌ಕಲೇಷನ್. ಅದೇ ಅಣು ಪೇರಿಯ ಪಕ್ಕಕ್ಕೆ ಒರಗಿ ಕುಳಿತರೆ ಎತ್ತರ ಮೊದಲಿನಷ್ಟೇ. ಅದು ಗ್ರೂವ್ ಬೈಂಡಿಂಗ್. ಗ್ರೂವ್ ಅಂದರೆ ಡಿಎನ್‌ಎಯ ಹೊರಮೈಯಲ್ಲಿ ಸುತ್ತಿಕೊಂಡು ಹೋಗುವ ತಗ್ಗು; ಅಗಲವಾದದ್ದು ಮೇಜರ್, ಕಿರಿದಾದದ್ದು ಮೈನರ್.

ಉದ್ದವಾದ ಡಿಎನ್‌ಎ ಇರುವ ದ್ರಾವಣ ನಿಧಾನ ಹರಿಯುತ್ತದೆ. ಅದಕ್ಕೇ ವಿಸ್ಕಾಸಿಟಿ ನೋಡುವುದು. ಲಿಯೊನಾರ್ಡ್ ಲರ್ಮನ್ 1961ರಲ್ಲಿ ಆಕ್ರಿಡಿನ್ ಬಣ್ಣಗಳ ಬಗ್ಗೆ ಈ ಮಾತನ್ನು ಮೊದಲು ಹೇಳಿದಾಗ ಅವರ ಬಳಿ ಇದ್ದ ಮುಖ್ಯ ಸಾಕ್ಷಿಗಳಲ್ಲಿ ವಿಸ್ಕಾಸಿಟಿ ಕೂಡ ಒಂದು.

ಸುಮ್ನೆ ಓದುಗ
ರೊಟ್ಟಿ ಉದಾಹರಣೆಯಿಂದ ಪೂರ್ತಿ ಅರ್ಥವಾಯಿತು ಮೇಡಂ. ಧನ್ಯವಾದ.

ಹೊರನಾಡು
ತುಂಗಾತೀರ, ಉತ್ತರ ಹೇಳುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತೇನೆ.
ಯುವಿಯಲ್ಲಿ ರೆಫರೆನ್ಸ್ ಕ್ಯುವೆಟ್‌ಗೂ (ಹೋಲಿಕೆಗೆ ಇಡುವ ಪುಟ್ಟ ಪಾತ್ರೆ) ಅಷ್ಟೇ ಡಿಎನ್‌ಎ ಹಾಕಿದಿರಾ? 268ರಲ್ಲಿ ಡಿಎನ್‌ಎ ತಾನೇ ಜೋರಾಗಿ ಹೀರುತ್ತದೆ.
ಡಿಎನ್‌ಎ ಕಾನ್ಸಂಟ್ರೇಷನ್ ನ್ಯೂಕ್ಲಿಯೊಟೈಡ್ ಲೆಕ್ಕದಲ್ಲಾ, ಬೇಸ್ ಜೋಡಿ ಲೆಕ್ಕದಲ್ಲಾ?
ಯಾವ ಸೂತ್ರ ಬಳಸಿದಿರಿ?
ವಿಸ್ಕಾಸಿಟಿಯಲ್ಲಿ ಕಾಂಪ್ಲೆಕ್ಸ್ ಮತ್ತು ಡಿಎನ್‌ಎ ಅನುಪಾತ ಎಷ್ಟರವರೆಗೆ ಹೋಯಿತು?

ತುಂಗಾತೀರ
ರೆಫರೆನ್ಸ್‌ಗೂ ಹಾಕಿದ್ದೇನೆ ಸರ್. ಡಿಎನ್‌ಎ ನ್ಯೂಕ್ಲಿಯೊಟೈಡ್ ಲೆಕ್ಕ. 260ರ ಅಬ್ಸಾರ್ಬೆನ್ಸ್ ತೆಗೆದು 6600ರಿಂದ ಭಾಗಿಸಿದೆ. 260 ಮತ್ತು 280ರ ಅನುಪಾತ 1.86 ಇತ್ತು, ಅಂದರೆ ಪ್ರೋಟೀನ್ ಇಲ್ಲ. ಸೂತ್ರ ಎಲ್ಲರೂ ಬಳಸುವ ನೇರ ಗೆರೆಯದ್ದೇ, ಸ್ಲೋಪ್ ಭಾಗಿಸು ಇಂಟರ್‌ಸೆಪ್ಟ್. ವಿಸ್ಕಾಸಿಟಿಯಲ್ಲಿ 0.02ವರೆಗೆ ಹೋದೆ. ಕಾಂಪ್ಲೆಕ್ಸ್ ಸ್ವಲ್ಪವೇ ಉಳಿದಿತ್ತು.

ಹೊರನಾಡು
6600 ಸರಿ. ಅದನ್ನು ಪೇಪರ್‌ನಲ್ಲೂ ಬರೆಯಿರಿ. ಜೋಡಿ ಲೆಕ್ಕ ಹಾಕುವವರಿಗೂ ನಿಮಗೂ ಎರಡು ಪಟ್ಟು ವ್ಯತ್ಯಾಸ ಬರುತ್ತದೆ. ಹೇಳದೆ ಇದ್ದರೆ ಯಾರ ಸಂಖ್ಯೆಯನ್ನೂ ಯಾರ ಜೊತೆಗೂ ಹೋಲಿಸಲು ಆಗಲ್ಲ.

ಸೂತ್ರದಲ್ಲಿ ಮಾತ್ರ ತೊಂದರೆ ಇದೆ. ಆ ನೇರ ಗೆರೆ 1987ರ ವುಲ್ಫ್, ಶಿಮರ್, ಮೀಹನ್ ಅವರ ಕೆಲಸದಿಂದ ಬಂದದ್ದು. ಹಾಕಿದ ಡಿಎನ್‌ಎ ಹೆಚ್ಚುಕಡಿಮೆ ಎಲ್ಲ ಬಿಡುವಾಗಿಯೇ ಇದೆ ಎಂದು ಅದು ಹಿಡಿಯುತ್ತದೆ. ನಿಮ್ಮದು ಹಾಗಿಲ್ಲ. 2.4 × 10⁵ನ್ನು 20 ಮೈಕ್ರೋಮೋಲಾರ್‌ನಿಂದ ಗುಣಿಸಿ ನೋಡಿ, 4.8 ಬರುತ್ತದೆ. ಅಂದರೆ ಮೊದಮೊದಲು ಹಾಕುವ ಡಿಎನ್‌ಎಯ ಬಹುಪಾಲನ್ನು ಕಾಂಪ್ಲೆಕ್ಸೇ ಹಿಡಿದುಕೊಂಡಿರುತ್ತದೆ. ಬಾರ್ಡ್ ಗುಂಪು 1989ರಲ್ಲಿ ಕೊಟ್ಟ ಸಮೀಕರಣ ಬಳಸಿ. ಅದರಲ್ಲಿ ಸೈಟ್ ಗಾತ್ರವೂ ಸಿಗುತ್ತದೆ, ಹಿಡಿದ ಭಾಗವನ್ನೂ ಕಳೆಯುತ್ತದೆ.

ಮಲ್ಲಿಗೆಬಳ್ಳಿ
ಅಯ್ಯೋ, ನಮ್ಮ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಎಲ್ಲರೂ ಆ ನೇರ ಗೆರೆಯನ್ನೇ ಹಾಕಿದ್ದೇವೆ. ಈ ಷರತ್ತು ಯಾರೂ ಹೇಳಿಕೊಡಲಿಲ್ಲ.

ಬಯಲುಸೀಮೆ
ಈಗ ವಿಸ್ಕಾಸಿಟಿಗೆ ಬನ್ನಿ. ಮೇಲೆ ಖಾರವಾಗಿ ಬರೆದೆ, ಆದರೆ 0.02 ಅನುಪಾತ ನೋಡಿದ ಮೇಲೆ ನಿಮ್ಮ ನೇರ ಗೆರೆಯನ್ನೂ ನಂಬಲು ಆಗುತ್ತಿಲ್ಲ. ಬಫರ್ ಎಷ್ಟು ಸೆಕೆಂಡ್‌ನಲ್ಲಿ ಇಳಿಯಿತು, ಡಿಎನ್‌ಎ ಎಷ್ಟು ಸೆಕೆಂಡ್?

ತುಂಗಾತೀರ
ಬಫರ್ 98, ಡಿಎನ್‌ಎ ಹಾಕಿದ ಮೇಲೆ 104. ದ್ರಾವಣ ಇಳಿಯುವ ಹೊತ್ತು ಅಳೆಯುವ ಓಸ್ಟ್‌ವಾಲ್ಡ್ ಟ್ಯೂಬ್. ಕೈಯಲ್ಲೇ ಸ್ಟಾಪ್‌ವಾಚ್.

ಬಯಲುಸೀಮೆ
ಹಾಗಿದ್ದರೆ ಲೆಕ್ಕ ಹಾಕೋಣ. ಡಿಎನ್‌ಎಯಿಂದ ಬಂದದ್ದು 6 ಸೆಕೆಂಡ್ ಮಾತ್ರ. ನ್ಯೂಕ್ಲಿಯೊಟೈಡ್ ಲೆಕ್ಕದಲ್ಲಿ 0.02 ಅಂದರೆ 100 ಬೇಸ್ ಜೋಡಿಗೆ 4 ಅಣು. ಎಲ್ಲವೂ ಒಳಗೆ ತೂರಿದರೂ ಡಿಎನ್‌ಎ ಉದ್ದ 4% ಏರುತ್ತದೆ. ವಿಸ್ಕಾಸಿಟಿ ಉದ್ದದ ಘನದ ಹಾಗೆ ಏರುತ್ತದೆ, ಅಂದರೆ ಸುಮಾರು 12%. ಆರು ಸೆಕೆಂಡ್‌ನಲ್ಲಿ 12% ಅಂದರೆ 0.7 ಸೆಕೆಂಡ್. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಅರ್ಧ ಸೆಕೆಂಡ್ ಆಚೀಚೆ ಆಗುತ್ತದೆ ಅಲ್ವಾ? ಇಂಟರ್‌ಕಲೇಷನ್ ನಿಜವಾಗಿ ಆಗಿದ್ದರೂ ನಿಮಗೆ ಕಾಣುತ್ತಿರಲಿಲ್ಲ.

ಟ್ಯೂಬನ್ನು ಒಂದೇ ತಾಪಮಾನದಲ್ಲಿ ಇಡುವ ನೀರಿನ ಬಾತ್ ಬೇರೆ ಇದೆ. ಒಂದು ಡಿಗ್ರಿ ತಪ್ಪಿದರೆ ನೀರಿನ ವಿಸ್ಕಾಸಿಟಿಯೇ 2% ಹೋಗುತ್ತದೆ. ನಿಮ್ಮ 98ರಲ್ಲಿ ಅದು 2 ಸೆಕೆಂಡ್. ನೀವು ಹುಡುಕುತ್ತಿರುವ 0.7ರ ಮೂರು ಪಟ್ಟು.

ತುಂಗಾತೀರ
ಇದನ್ನು ಓದಿ ಕೈಕಾಲು ತಣ್ಣಗಾಯಿತು. ಆ ದಿನ ಎರಡು ಸಲ ಕರೆಂಟ್ ಹೋಗಿತ್ತು. ಬಾತ್ ಮತ್ತೆ ಬಿಸಿಯಾಗುವವರೆಗೆ ಕಾದೆ, ಆದರೆ ಎಷ್ಟು ನಿಖರ ಅಂತ ಹೇಳಲಾರೆ.

ಕಡಲತಡಿ
ಬೇಜಾರಾಗಬೇಡಿ. ಎಲ್ಲರಿಗೂ ಆಗುವುದೇ. ವಿಸ್ಕಾಸಿಟಿ ತಾಳ್ಮೆಯ ಕೆಲಸ. ನಾನು ಹೇಗೆ ಮಾಡುತ್ತೇನೆ ಹೇಳುತ್ತೇನೆ.

ಡಿಎನ್‌ಎ ನಾರು ಹತ್ತಿಯ ಎಳೆಯ ಹಾಗೆ ಬೆಳ್ಳಗೆ ಬರುತ್ತದೆ. ಅದನ್ನು ಬಫರ್‌ಗೆ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡುತ್ತೇನೆ. ಕಲಕುವುದಿಲ್ಲ. ಅವಸರ ಮಾಡಿ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಿಸಿದರೆ ಎಳೆಗಳು ಅಡ್ಡಾದಿಡ್ಡಿ ತುಂಡಾಗುತ್ತವೆ. ಬೆಳಿಗ್ಗೆ ಬಾಟಲಿ ಓರೆ ಮಾಡಿದಾಗ ಗಂಜಿಯ ತಿಳಿ ಹರಿದ ಹಾಗೆ ಮೆಲ್ಲಗೆ ಸರಿಯಬೇಕು. ಆಮೇಲೆ ಐಸ್ ಮೇಲಿಟ್ಟು ಸೋನಿಕೇಟ್ ಮಾಡುತ್ತೇನೆ (ಶಬ್ದದ ಅಲೆಯಿಂದ ತುಂಡು ಮಾಡುವುದು), ಸುಮಾರು 200 ಬೇಸ್ ಜೋಡಿಗೆ ಬರುವ ಹಾಗೆ. ಉದ್ದದ ಡಿಎನ್‌ಎ ನೂಲಿನುಂಡೆಯ ಹಾಗೆ ಸುತ್ತಿಕೊಂಡಿರುತ್ತದೆ, ಅದಕ್ಕೆ ಮೇಲಿನ ಘನದ ಲೆಕ್ಕ ಹೊಂದುವುದಿಲ್ಲ. ಗಿಡ್ಡ ತುಂಡು ಕಡ್ಡಿಯ ಹಾಗೆ ಇರುತ್ತದೆ, ಅದಕ್ಕೆ ಹೊಂದುತ್ತದೆ. ಕೋಹೆನ್, ಐಸನ್‌ಬರ್ಗ್ 1969ರಲ್ಲಿ ತೋರಿಸಿದ್ದು ಅದನ್ನೇ. ಆದರೆ ತುಂಡು ಮಾಡಿದ ಮೇಲೆ ವಿಸ್ಕಾಸಿಟಿ ಬಿದ್ದುಹೋಗುತ್ತದೆ, ಹಾಗಾಗಿ ಡಿಎನ್‌ಎ ಜಾಸ್ತಿ ಹಾಕಲೇಬೇಕು.

ಟ್ಯೂಬ್ ಬಾತ್‌ನಲ್ಲಿ ಕನಿಷ್ಠ 20 ನಿಮಿಷ ಕೂರಬೇಕು. ಪ್ರತಿ ಅಳತೆ ಮೂರು ಸಲ, ಮೂರೂ 0.2 ಸೆಕೆಂಡ್ ಒಳಗೆ ಸೇರಬೇಕು. ಸೇರದಿದ್ದರೆ ಟ್ಯೂಬ್‌ನಲ್ಲಿ ಧೂಳಿನ ಕಣ ಇದೆ ಎಂದೇ ಅರ್ಥ, ತೊಳೆದು ಮತ್ತೆ ಶುರು.

ತುಂಗಾತೀರ
ಮೇಡಂ, ಇದನ್ನು ಪ್ರಿಂಟ್ ತೆಗೆದು ಬೆಂಚ್ ಎದುರು ಅಂಟಿಸುತ್ತೇನೆ.

ಮಲ್ಲಿಗೆಬಳ್ಳಿ
ವಿಷಯ ಬೇರೆ, ಆದರೂ ಕೇಳುತ್ತೇನೆ. ಕರುವಿನ ಡಿಎನ್‌ಎ ಬಾಟಲಿ ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಆಕಳು ಸಾಕಿದವರು ನಾವು. ಬೇರೆ ಯಾವುದೂ ಆಗುವುದಿಲ್ಲವೇ?

ಕಡಲತಡಿ
ಆಗುತ್ತದೆ ಮಗಳೇ. ಸಾಲ್ಮನ್ ಮೀನಿನ ವೀರ್ಯದ ಡಿಎನ್‌ಎ ಸಿಗುತ್ತದೆ. ಅದರಲ್ಲೂ ಜಿಸಿ (ಗ್ವಾನಿನ್, ಸೈಟೊಸಿನ್ ಬೇಸ್‌ಗಳ) ಪಾಲು ಸುಮಾರು 41%, ಕರುವಿನದಕ್ಕೆ ಹತ್ತಿರ. ಹಳೇ ಪೇಪರ್‌ಗಳ ಜೊತೆ ಹೋಲಿಸಲು ಎಲ್ಲರೂ ಕರುವಿನದನ್ನೇ ಹಿಡಿದುಕೊಂಡಿದ್ದಾರೆ, ಅಷ್ಟೇ. ಇನ್ನೂ ಒಳ್ಳೆಯದು ಯಂತ್ರದಲ್ಲಿ ಕಟ್ಟಿದ ಗಿಡ್ಡ ಎಳೆ. ಯಾವ ಅಕ್ಷರ ಎಲ್ಲಿದೆ ಅಂತ ನಿಮಗೇ ಗೊತ್ತಿರುತ್ತದೆ.

ಬಯಲುಸೀಮೆ
ಮೀನಿನದೂ ಪ್ರಾಣಿಯದ್ದೇ ಅಲ್ವಾ. ಆದರೆ ಗಿಡ್ಡ ಎಳೆಯ ಮಾತು ನಿಜ. ಗೊತ್ತಿರುವ ಸೀಕ್ವೆನ್ಸ್ ಇದ್ದರೆ ಎಟಿ ಕಡೆ ಅಂಟುತ್ತದೋ, ಜಿಸಿ ಕಡೆಯೋ ಅಂತ ಕೂಡ ನೋಡಬಹುದು.

ಜೆಲ್‌ಡಾಕ್
ಎಥಿಡಿಯಂ ಬಗ್ಗೆ ಯಾರೂ ಮಾತಾಡುತ್ತಿಲ್ಲ. 40% ಇಳಿದಿದೆ. ಎಥಿಡಿಯಂ ಇಂಟರ್‌ಕಲೇಟರ್ ಅಂತ ಎಲ್ಲರಿಗೂ ಗೊತ್ತು. ಅದನ್ನು ಹೊರಗೆ ತಳ್ಳಿದ್ದು ಇನ್ನೊಂದು ಇಂಟರ್‌ಕಲೇಟರ್ ಅಲ್ಲದೆ ಮತ್ತೇನು?

ಹೊರನಾಡು
ಎಲ್ಲರೂ ಜಾರುವ ಜಾಗ ಇದು. ನೆಟ್ರೋಪ್ಸಿನ್, ಡಿಸ್ಟಮೈಸಿನ್ ಎರಡೂ ಅಪ್ಪಟ ಮೈನರ್ ಗ್ರೂವ್ ಬೈಂಡರ್‌ಗಳು. ಅವೂ ಎಥಿಡಿಯಂ ಹೊಳಪು ಇಳಿಸುತ್ತವೆ. ಡೇಲ್ ಬೋಗರ್ ಗುಂಪು ಇದೇ ಎಥಿಡಿಯಂ ಇಳಿತವನ್ನು ಬಳಸಿಕೊಂಡು ಗ್ರೂವ್ ಬೈಂಡರ್‌ಗಳನ್ನೇ ಅಳೆಯಿತು. ಪಕ್ಕದಲ್ಲಿ ಕುಳಿತವನೂ ಜಾಗ ಕಸಿದುಕೊಳ್ಳಬಹುದು.

ನಿಮ್ಮಲ್ಲಿ ಇನ್ನೊಂದು ತೊಡಕಿದೆ, ಅದು ತಾಮ್ರ. ಎರಡು ಚಾರ್ಜಿನ ತಾಮ್ರದಲ್ಲಿ ಒಂಟಿ ಎಲೆಕ್ಟ್ರಾನ್ ಇರುತ್ತದೆ, ಅದು ಪಕ್ಕಕ್ಕೆ ಬಂದರೆ ಸಾಕು ಎಥಿಡಿಯಂ ಹೊಳಪು ನಂದಬಹುದು. ಎಥಿಡಿಯಂ ಜಾಗ ಬಿಡದೆ ಕುಳಿತಲ್ಲೇ ಮಂಕಾಗಿರಬಹುದು.

ಜೆಲ್‌ಡಾಕ್
ಒಪ್ಪಿದೆ. ತಾಮ್ರದ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದರೆ ಜೆಲ್ ಓಡಿಸಿ, ಅಂದರೆ ಡಿಎನ್‌ಎಯನ್ನು ಕರೆಂಟ್‌ನಿಂದ ಜೆಲ್‌ನೊಳಗೆ ಓಡಿಸಿ, ನೋಡಲಿ ಅನ್ನುತ್ತೇನೆ. ಸುರುಳಿ ಸುತ್ತಿಕೊಂಡ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ), ಟೊಪೊಐಸೊಮರೇಸ್-1 ಎಂಬ ಎಂಜೈಮ್, ಜೊತೆಗೆ ಕಾಂಪ್ಲೆಕ್ಸ್. ಒಳಗೆ ತೂರುವ ಅಣು ಹೆಲಿಕ್ಸ್‌ನ ತಿರುಚು ಬಿಚ್ಚುತ್ತದೆ. ಎಥಿಡಿಯಂ ಒಂದೊಂದು ಅಣುವಿಗೆ 26 ಡಿಗ್ರಿ ಬಿಚ್ಚುತ್ತದೆ. ಜೆಲ್ ಮೇಲೆ ಅದು ಕಣ್ಣಿಗೇ ಕಾಣುತ್ತದೆ.

ಹಳೇ ಲ್ಯಾಬ್
ಜೆಲ್ ಓಡಿಸುವ ಮುಂಚೆ ಎಚ್ಚರ. ಫಿನಾಂತ್ರೋಲಿನ್ ಮತ್ತು ತಾಮ್ರ ಸೇರಿದರೆ ಡಿಎನ್‌ಎ ಕತ್ತರಿಸುತ್ತದೆ. ಸಿಗ್‌ಮನ್ ಗುಂಪು 1979ರಲ್ಲೇ ತೋರಿಸಿದೆ. ಅಲ್ಲಿ ಎರಡು ಫಿನಾಂತ್ರೋಲಿನ್ ಇತ್ತು, ಜೊತೆಗೆ ರೆಡ್ಯೂಸಿಂಗ್ ಏಜೆಂಟ್ (ಎಲೆಕ್ಟ್ರಾನ್ ಕೊಡುವ ವಸ್ತು) ಬೇಕಿತ್ತು. ಡಿಟಿಟಿ, ಮರ್ಕ್ಯಾಪ್ಟೊಎಥನಾಲ್, ಆಸ್ಕಾರ್ಬೇಟ್ ಯಾವುದಾದರೂ ಒಂದು ಎಂಜೈಮ್ ಬಫರ್‌ನಲ್ಲಿ ಬಂದರೆ ಪ್ಲಾಸ್ಮಿಡ್ ನಿಕ್ ಆಗುತ್ತದೆ, ಅಂದರೆ ಎರಡು ಎಳೆಗಳಲ್ಲಿ ಒಂದು ಕಡಿಯುತ್ತದೆ. ಆಗ ಜೆಲ್ ಮೇಲೆ ಬ್ಯಾಂಡ್ ನಿಧಾನವಾದದ್ದು ತಿರುಚು ಬಿಚ್ಚಿದ್ದಕ್ಕಾ, ಕಡಿದಿದ್ದಕ್ಕಾ ಗೊತ್ತಾಗುವುದಿಲ್ಲ.

ವಿಸ್ಕಾಸಿಟಿಗೂ ಇದೇ ಮಾತು. ಕಡಿದರೆ ವಿಸ್ಕಾಸಿಟಿ ಇಳಿಯುತ್ತದೆ, ತೂರಿದರೆ ಏರುತ್ತದೆ. ಎರಡೂ ಒಟ್ಟಿಗೆ ಆದರೆ ಗೆರೆ ನೇರ ಕಾಣುತ್ತದೆ.

ತುಂಗಾತೀರ
ಸರ್, ನನ್ನ ಬಫರ್‌ನಲ್ಲಿ ಟ್ರಿಸ್ ಮತ್ತು 50 ಮಿಲಿಮೋಲಾರ್ ಉಪ್ಪು ಮಾತ್ರ. ರೆಡ್ಯೂಸಿಂಗ್ ಏಜೆಂಟ್ ಯಾವುದೂ ಇಲ್ಲ. ಆದರೂ ವಿಸ್ಕಾಸಿಟಿ ಆದ ಮೇಲೆ ಅದೇ ದ್ರಾವಣವನ್ನು ಅಗರೋಸ್ ಜೆಲ್ ಮೇಲೆ ಓಡಿಸಿ ನೋಡುತ್ತೇನೆ, ಕಡಿದಿದ್ದರೆ ಗೊತ್ತಾಗುತ್ತದೆ.

ಹಳೇ ಲ್ಯಾಬ್
ಒಳ್ಳೆಯ ಯೋಚನೆ. ಟ್ರಿಸ್ ಕೂಡ ತಾಮ್ರಕ್ಕೆ ಅಂಟಿಕೊಳ್ಳುತ್ತದೆ ಅನ್ನುವುದು ನೆನಪಿರಲಿ. ಒಂದು ಸಲ ಹೆಪಿಸ್ ಬಫರ್‌ನಲ್ಲೂ ಮಾಡಿ.

ವಿಜಯಪುರದವ
ಇಷ್ಟೆಲ್ಲ ಕಷ್ಟ ಯಾಕೆ? ಡಾಕಿಂಗ್ ಮಾಡಿ, ಅಣು ಡಿಎನ್‌ಎ ಮೇಲೆ ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಸಾಫ್ಟ್‌ವೇರ್ ಉಚಿತ, ಅರ್ಧ ಗಂಟೆಯಲ್ಲಿ ಚಿತ್ರ ಬರುತ್ತದೆ. ನಾನು ನನ್ನ ಐದೂ ಕಾಂಪೌಂಡ್ ಮಾಡಿದೆ, ಐದೂ ಮೈನರ್ ಗ್ರೂವ್‌ನಲ್ಲಿ ಕುಳಿತವು.

ಹೊರನಾಡು
ಯಾವ ಡಿಎನ್‌ಎ ಫೈಲ್ ಹಾಕಿದಿರಿ?

ವಿಜಯಪುರದವ
1ಬಿಎನ್‌ಎ.

ಹೊರನಾಡು
ಅದಕ್ಕೇ. ಅದು 1981ರಲ್ಲಿ ಡ್ರೂ, ಡಿಕರ್ಸನ್ ಅವರು ಬಿಡಿಸಿದ 12 ಜೋಡಿಯ ತುಣುಕು. ಬೇಸ್‌ಗಳ ನಡುವೆ 3.4 ಆಂಗ್‌ಸ್ಟ್ರಾಂ ಮಾತ್ರ, ತೂರಲು ಸಂದೇ ಇಲ್ಲ. ಸಾಫ್ಟ್‌ವೇರ್ ಡಿಎನ್‌ಎಯನ್ನು ಗಟ್ಟಿ ಮರದ ಹಾಗೆ ಹಿಡಿದಿಟ್ಟಿರುತ್ತದೆ. ಅದರ ಮೇಲೆ ಎಥಿಡಿಯಂ ಡಾಕ್ ಮಾಡಿದರೂ ಗ್ರೂವ್‌ನಲ್ಲೇ ಕೂರುತ್ತದೆ. ಒಮ್ಮೆ ಮಾಡಿ ನೋಡಿ. ಬಾಗಿಲು ಹಾಕಿದ ಮನೆಗೆ ಒಳಗೆ ಹೋಗುತ್ತೀರಾ ಅಂತ ಕೇಳಿದ ಹಾಗೆ.

ವಿಜಯಪುರದವ
ಮಾಡಿದೆ. ಎಥಿಡಿಯಂ ಕೂಡ ಗ್ರೂವ್‌ನಲ್ಲಿ ಕುಳಿತಿತು! ಹಾಗಾದರೆ ನನ್ನ ಐದು ಚಿತ್ರಗಳ ಗತಿ ಏನು?

ಬಯಲುಸೀಮೆ
ಸಂದು ಇರುವ ಫೈಲ್ ತೆಗೆದುಕೊಂಡು ಮತ್ತೆ ಮಾಡಿ. ಡೌನೊಮೈಸಿನ್ ಜೊತೆಗಿನ ರಚನೆಗಳು ಡೇಟಾಬ್ಯಾಂಕ್‌ನಲ್ಲಿ ಇವೆ, ಅದರಿಂದ ಮದ್ದನ್ನು ತೆಗೆದರೆ ತೆರೆದ ಸಂದು ಉಳಿಯುತ್ತದೆ. ಎರಡರಲ್ಲೂ ಮಾಡಿ ಹೋಲಿಸಿ. ಆಗಲೂ ಅದು ಊಹೆಗೆ ಆಸರೆ, ಸಾಕ್ಷಿ ಅಲ್ಲ.

ಪದಕಟ್ಟು
ಒಂದು ಮಾತು. ಈ ಚರ್ಚೆಯಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಪದ. ಇಂಟರ್‌ಕಲೇಷನ್‌ಗೆ ‘ನಡುಸೇರಿಕೆ’ ಅನ್ನಬಹುದಲ್ಲ? ಗ್ರೂವ್‌ಗೆ ‘ತೋಡು’?

ಕಡಲತಡಿ
ನಡುಸೇರಿಕೆ ಚೆನ್ನಾಗಿದೆ. ತೋಡು ಮಾತ್ರ ನಮ್ಮ ಕಡೆ ನೀರು ಹರಿಯುವ ಸಣ್ಣ ಹಳ್ಳಕ್ಕೆ ಹೇಳುತ್ತಾರೆ. ಆದರೆ ಯೋಚಿಸಿದರೆ ಅದೂ ಸರಿಯೇ. ಮೈನರ್ ಗ್ರೂವ್‌ನ ಎಟಿ ಜಾಗದಲ್ಲಿ ನೀರಿನ ಅಣುಗಳು ಸಾಲಾಗಿ ಹರಡಿಕೊಂಡಿರುತ್ತವೆ. ಡ್ರೂ, ಡಿಕರ್ಸನ್ ಅವರ ಕ್ರಿಸ್ಟಲ್‌ನಲ್ಲಿ ಅದು ಕಂಡಿದೆ. ನೆಟ್ರೋಪ್ಸಿನ್ ಬಂದು ಆ ನೀರನ್ನೇ ಆಚೆ ಹಾಕಿ ಕೂರುತ್ತದೆ.

ಬಯಲುಸೀಮೆ
ನಮ್ಮ ಕಡೆ ಹೊಲದಲ್ಲಿ ‘ಸಾಲು’ ಅನ್ನುತ್ತೇವೆ. ದೊಡ್ಡ ಸಾಲು, ಸಣ್ಣ ಸಾಲು. ಕ್ಲಾಸಿನಲ್ಲಿ ಹಾಗೇ ಹೇಳಿದರೆ ಹುಡುಗರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ಜೆಲ್‌ಡಾಕ್
ಪದ ಹುಡುಕುವುದು ಒಳ್ಳೆಯದೇ. ಆದರೆ ವೈವಾದಲ್ಲಿ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಎರಡೂ ಗೊತ್ತಿರಲಿ.

ಹಳೇ ಲ್ಯಾಬ್
ಕ್ರಿಸ್ಟಲ್ ಮಾತು ಬಂತಲ್ಲ, ಇದನ್ನು ಹೇಳದೆ ಇರಲಾರೆ. ಡ್ರೂ, ಡಿಕರ್ಸನ್ ಅವರಿಗಿಂತ ಮೊದಲೇ, 1978ರಲ್ಲಿ, ನಮ್ಮ ಬೆಂಗಳೂರಿನ ಐಐಎಸ್‌ಸಿಯ ಎಂ. ಎ. ವಿಶ್ವಾಮಿತ್ರ ಮತ್ತು ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಅವರ ತಂಡ ನೇಚರ್ ಪತ್ರಿಕೆಯಲ್ಲಿ ನಾಲ್ಕು ಅಕ್ಷರದ ಒಂದು ಡಿಎನ್‌ಎ ತುಣುಕನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿತು. ಎಟಿಎಟಿ ತುಣುಕು. ನಮ್ಮ ಹುಡುಗರಿಗೆ ಅಮೆರಿಕದ ಹೆಸರು ಗೊತ್ತಿರುತ್ತದೆ, ಇವರ ಹೆಸರು ಗೊತ್ತಿರುವುದಿಲ್ಲ. ಇದು ನನಗೆ ನಿಜವಾಗಿ ನೋವು.

ಮಲ್ಲಿಗೆಬಳ್ಳಿ
ನನಗೂ ಗೊತ್ತಿರಲಿಲ್ಲ ಸರ್. ಇವತ್ತೇ ಹುಡುಕಿ ಓದುತ್ತೇನೆ.

ಸುಮ್ನೆ ಓದುಗ
ಇನ್ನೊಂದು ಪ್ರಶ್ನೆ. ತೂರಿದರೇನು, ಒರಗಿದರೇನು, ಅಂಟಿದರೆ ಸಾಲದೇ? ಕ್ಯಾನ್ಸರ್ ಮದ್ದಿಗೆ ಇದರಿಂದ ಏನು ವ್ಯತ್ಯಾಸ?

ಬಯಲುಸೀಮೆ
ತುಂಬ ವ್ಯತ್ಯಾಸ ಇದೆ. ಡೋಕ್ಸೊರುಬಿಸಿನ್ ಬೇಸ್‌ಗಳ ನಡುವೆ ತೂರುತ್ತದೆ, ಟೊಪೊಐಸೊಮರೇಸ್ ಎರಡು ಎಂಬ ಎಂಜೈಮ್ ಡಿಎನ್‌ಎ ಕಡಿದ ಮೇಲೆ ಮತ್ತೆ ಬೆಸೆಯಲು ಬಿಡುವುದಿಲ್ಲ. ಸಿಸ್‌ಪ್ಲಾಟಿನ್ ತೂರುವುದೂ ಇಲ್ಲ, ಒರಗುವುದೂ ಇಲ್ಲ. ಅಕ್ಕಪಕ್ಕದ ಎರಡು ಗ್ವಾನಿನ್‌ಗೆ ಬಾಂಡ್ ಹಾಕಿ ಡಿಎನ್‌ಎಯನ್ನೇ ಬಗ್ಗಿಸುತ್ತದೆ. ಬಾರ್ನೆಟ್ ರೋಸನ್‌ಬರ್ಗ್ 1965ರಲ್ಲಿ ಬ್ಯಾಕ್ಟೀರಿಯಾ ಮೇಲೆ ಕರೆಂಟ್ ಹಾಯಿಸುವಾಗ ಪ್ಲಾಟಿನಂ ಎಲೆಕ್ಟ್ರೋಡ್‌ನಿಂದ ಸಿಕ್ಕ ಸಂಗತಿ ಅದು. ಸಿಸ್‌ಪ್ಲಾಟಿನ್‌ಗೆ ಐದು ನಿಮಿಷದ ಟೈಟ್ರೇಷನ್ ಪ್ರಯೋಜನಕ್ಕೆ ಬರಲ್ಲ, ಗಂಟೆಗಟ್ಟಲೆ ಡಿಎನ್‌ಎ ಜೊತೆ ಬಿಡಬೇಕು. ಅಣು ಅಂಟುವ ರೀತಿ ನೋಡಿಯೇ ವಿಧಾನ ಆರಿಸಬೇಕಾಗುತ್ತದೆ.

ಕೃಷ್ಣಾಕಣಿವೆ
ಬಯಾಲಜಿ ಕಡೆಯಿಂದ ಒಂದು ಆಕ್ಷೇಪ. ಕ್ಯುವೆಟ್‌ನಲ್ಲಿರುವ ಬೆತ್ತಲೆ ಡಿಎನ್‌ಎ ಬೇರೆ, ಕೋಶದ ಒಳಗೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುವ ಡಿಎನ್‌ಎ ಬೇರೆ. 10⁵ ಬಂತು ಅಂತ ಕೊನೆಯಲ್ಲಿ ‘ಕ್ಯಾನ್ಸರ್ ಮದ್ದಾಗಬಲ್ಲದು’ ಎಂದು ಬರೆಯುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ರೋಗಿಗಳ ಮನೆಯವರು ಅದನ್ನು ಓದಿ ಆಸೆ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲೇ ಆಗಿದೆ.

ಕಡಲತಡಿ
ನೀವು ಹೇಳಿದ್ದು ಸರಿ. ನಾನು ವಿದ್ಯಾರ್ಥಿಗಳ ಡ್ರಾಫ್ಟ್‌ನಲ್ಲಿ ಆ ಸಾಲನ್ನು ಕಂಡಕೂಡಲೇ ಹೊಡೆದುಹಾಕುತ್ತೇನೆ.

ಜೆಲ್‌ಡಾಕ್
ಬೈಂಡಿಂಗ್ ಅಳೆಯಲು ಐಟಿಸಿ (ಐಸೊಥರ್ಮಲ್ ಟೈಟ್ರೇಷನ್ ಕ್ಯಾಲೊರಿಮೆಟ್ರಿ) ಇದೆಯಲ್ಲ, ಅದರಲ್ಲಿ ಶಾಖವನ್ನೇ ನೇರ ಅಳೆಯಬಹುದು. ಒಂದೇ ಓಟದಲ್ಲಿ ಕಾನ್‌ಸ್ಟಂಟ್, ಎಂಥಾಲ್ಪಿ, ಎಷ್ಟು ಅಣು ಅಂಟಿದವು ಎಲ್ಲ ಸಿಗುತ್ತದೆ.

ಹೊರನಾಡು
ಸಿಗುತ್ತದೆ, ಆದರೆ ಕಾಂಪ್ಲೆಕ್ಸ್ ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕದ ಬಗ್ಗೆ ಎಚ್ಚರ. ಸೆಲ್‌ನಲ್ಲಿ 2% ಇದ್ದು ಸಿರಿಂಜ್‌ನಲ್ಲಿ 2.1% ಇದ್ದರೆ ಬೆರೆಯುವ ಶಾಖವೇ ನಿಮ್ಮ ಸಿಗ್ನಲ್ ಮುಚ್ಚಿಹಾಕಬಹುದು. ಎರಡನ್ನೂ ಒಂದೇ ಬಾಟಲಿಯ ಬಫರ್‌ನಿಂದ ಮಾಡಿ. ಮತ್ತೆ ಐಟಿಸಿ ಕೂಡ ತೂರಿದ್ದಾ ಒರಗಿದ್ದಾ ಅಂತ ನೇರ ಹೇಳುವುದಿಲ್ಲ. ಉದ್ದ ಏರಿತಾ ಅನ್ನುವ ಪ್ರಶ್ನೆಗೆ ಉದ್ದವನ್ನೇ ಅಳೆಯಬೇಕು.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಮೂರು ಫಿನಾಂತ್ರೋಲಿನ್ ಇರುವ ರುಥೇನಿಯಂ ಕಾಂಪ್ಲೆಕ್ಸ್ ಡಿಎನ್‌ಎ ಒಳಗೆ ತೂರುತ್ತದಾ ಇಲ್ಲವಾ ಅಂತ 1980ರ ದಶಕದಲ್ಲಿ ದೊಡ್ಡ ವಾದ ನಡೆಯಿತು. ಸ್ಪೆಕ್ಟ್ರಮ್ ನೋಡಿ ತೂರುತ್ತದೆ ಅಂದವರಿದ್ದರು. 1992ರಲ್ಲಿ ಸತ್ಯನಾರಾಯಣ, ಡಾಬ್ರೊವಿಯಾಕ್, ಚೇರ್ಸ್ ಮೂವರು ವಿಸ್ಕಾಸಿಟಿ ಅಳೆದು ತೋರಿಸಿದರು: ಎಡಗೈ ರೂಪವಾಗಲಿ ಬಲಗೈ ರೂಪವಾಗಲಿ, ಯಾವುದೂ ಎಥಿಡಿಯಂ ರೀತಿ ತೂರುವುದಿಲ್ಲ. ತುಂಗಾತೀರ, ನಿಮ್ಮ ಗೈಡ್‌ಗೆ ಇದನ್ನು ಓದಲು ಕೊಡಿ. ಫಿನಾಂತ್ರೋಲಿನ್ ಇದೆ ಎಂಬ ಒಂದೇ ಕಾರಣಕ್ಕೆ ತೂರುತ್ತದೆ ಅಂದುಕೊಳ್ಳಬಾರದು.

ಬಯಲುಸೀಮೆ
ಇದನ್ನೇ ನಾನು ಮೊದಲನೇ ಸಾಲಿನಲ್ಲಿ ಹೇಳಿದ್ದು.

ಹಳೇ ಲ್ಯಾಬ್
ತುಂಗಾತೀರ, ಇನ್ನೊಂದು ಕೇಳುವುದಿದೆ. ನಿಮ್ಮ ಶಿಫ್ ಬೇಸ್‌ಗೆ 300ರ ಮೇಲೆ ಬ್ಯಾಂಡ್ ಇದೆಯಾ? ಅಲ್ಲಿ ಡಿಎನ್‌ಎ ಹೀರುವುದಿಲ್ಲ, ಕಾಣುವ ಬದಲಾವಣೆ ಪೂರ್ತಿ ಕಾಂಪ್ಲೆಕ್ಸ್‌ನದ್ದೇ.

ತುಂಗಾತೀರ
ಇದೆ ಸರ್, 382ರಲ್ಲಿ. ಈಗ ಹಳೇ ಫೈಲ್ ತೆರೆದು ನೋಡಿದೆ. ಅಲ್ಲಿ 6% ಮಾತ್ರ ಇಳಿದಿದೆ. ಜಾಗ ಒಂಚೂರೂ ಸರಿದಿಲ್ಲ.

ಹಳೇ ಲ್ಯಾಬ್
ಹಾಗಿದ್ದರೆ ಕನಿಷ್ಠ ಶಿಫ್ ಬೇಸ್ ಭಾಗ ಒಳಗೆ ಹೋಗಿಲ್ಲ ಅನ್ನುವುದಕ್ಕೆ ಒಂದು ಸುಳಿವು. ಸಿಡಿ (ಸರ್ಕ್ಯುಲರ್ ಡೈಕ್ರೊಯಿಸಂ) ಸ್ಪೆಕ್ಟ್ರಮ್ ತೆಗೆದು ನೋಡಿ. ಬಿ ಡಿಎನ್‌ಎಗೆ 275ರ ಹತ್ತಿರ ಮೇಲಕ್ಕೆ, 245ರ ಹತ್ತಿರ ಕೆಳಕ್ಕೆ ಇರುತ್ತದೆ. ಆ ಎರಡು ಎಷ್ಟು ಅಲುಗುತ್ತವೆ, 382ರಲ್ಲಿ ಹೊಸದಾಗಿ ಏನಾದರೂ ಹುಟ್ಟುತ್ತದಾ ನೋಡಿ.

ಕಡಲತಡಿ
ಮತ್ತೆ ಉಪ್ಪು. ನಿಮ್ಮ ಕಾಂಪ್ಲೆಕ್ಸ್‌ಗೆ ಪ್ಲಸ್ ಚಾರ್ಜ್ ಇದ್ದರೆ ಡಿಎನ್‌ಎಯ ಫಾಸ್ಫೇಟ್ ಅದನ್ನು ಹಾಗೇ ಎಳೆದುಕೊಳ್ಳುತ್ತದೆ. 50, 100, 200 ಮಿಲಿಮೋಲಾರ್ ಉಪ್ಪಿನಲ್ಲಿ ಟೈಟ್ರೇಷನ್ ಮಾಡಿ. ಉಪ್ಪು ಏರಿದಂತೆ ಬೈಂಡಿಂಗ್ ಕುಸಿದರೆ ಚಾರ್ಜಿನ ಪಾಲು ಜಾಸ್ತಿ ಅಂತ ತಿಳಿಯಿರಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಲ್ಯಾಬ್‌ಗೆ ಹೋಗುತ್ತೇನೆ. ಮಾಡಿ ಬಂದು ಬರೆಯುತ್ತೇನೆ.

ತುಂಗಾತೀರ
ಮೂರು ವಾರ ಆಯಿತು. ಹೊಸದಾಗಿ ಡಿಎನ್‌ಎ ಕರಗಿಸಿದೆ, ಸೋನಿಕೇಟ್ ಮಾಡಿದೆ, ಸುಮಾರು ಹತ್ತು ಪಟ್ಟು ಜಾಸ್ತಿ ತೆಗೆದುಕೊಂಡೆ. ಯುಪಿಎಸ್ ಇರುವ ಪಕ್ಕದ ಡಿಪಾರ್ಟ್‌ಮೆಂಟ್‌ನ ಬಾತ್ ಕೇಳಿ ಪಡೆದೆ. ರಾತ್ರಿ ಎಂಟರ ಮೇಲೆ ಯಾರೂ ಇರುವುದಿಲ್ಲ, ಬಾಗಿಲು ತೆಗೆದು ಹಾಕುವವರಿಲ್ಲ, ಬಾತ್ ಕದಲುವುದಿಲ್ಲ. ಗೆರೆ ದಾಟುವಾಗ ಕಣ್ಣು ಟ್ಯೂಬಿಗೆ ಸಮನಾಗಿ ಇಡಲು ಮಂಡಿಯೂರಿ ಕುಳಿತೆ. ಒಂದೊಂದು ಅಳತೆ ಮೂರು ಸಲ.

ಮೊದಲು ಎಥಿಡಿಯಂ ಹಾಕಿ ನೋಡಿದೆ. ಡಿಎನ್‌ಎಯ ಮೊದಲಿನ ಉದ್ದ 1 ಅಂದುಕೊಂಡರೆ, 0.1 ಅನುಪಾತಕ್ಕೆ ಉದ್ದದ ಲೆಕ್ಕ 1.17 ಬಂತು, 0.2ಕ್ಕೆ 1.29. ಗೆರೆ ಏಣಿ ಹತ್ತಿದ ಹಾಗೆ ಏರಿತು. ಅಂದರೆ ನನ್ನ ಟ್ಯೂಬ್, ನನ್ನ ಕೈ ಎರಡೂ ಸರಿ ಇವೆ.

ಆಮೇಲೆ ನನ್ನ ಕಾಂಪ್ಲೆಕ್ಸ್. 0.1ಕ್ಕೆ 1.01. 0.2ಕ್ಕೂ 1.02 ಅಷ್ಟೇ. ಅದೇ ದ್ರಾವಣವನ್ನು ಅಗರೋಸ್ ಮೇಲೆ ಓಡಿಸಿದೆ, ಡಿಎನ್‌ಎ ಕಡಿದಿಲ್ಲ. ಬಾರ್ಡ್ ಸಮೀಕರಣದಲ್ಲಿ ಕಾನ್‌ಸ್ಟಂಟ್ 7 × 10⁴ಕ್ಕೆ ಇಳಿಯಿತು. 200 ಮಿಲಿಮೋಲಾರ್ ಉಪ್ಪಿನಲ್ಲಿ ಅದೂ ಐದನೇ ಒಂದು ಭಾಗಕ್ಕೆ ಬಂತು.

ಹೊರನಾಡು
ಅದ್ಭುತ. ಈಗ ನಿಮ್ಮ ಬಳಿ ಉತ್ತರ ಇದೆ. ತೂರಿಲ್ಲ. ಚಾರ್ಜ್‌ನಿಂದ ಸೆಳೆದು ಗ್ರೂವ್‌ನಲ್ಲೋ ಮೇಲ್ಮೈಯಲ್ಲೋ ಕುಳಿತಿದೆ.

ಜೆಲ್‌ಡಾಕ್
ಗೈಡ್ ಏನಂದರು?

ತುಂಗಾತೀರ
ಎರಡೂ ಗೆರೆ ಒಂದೇ ಗ್ರಾಫ್‌ನಲ್ಲಿ ಹಾಕಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ‘ಗೊತ್ತಿರುವ ಗ್ರೂವ್ ಬೈಂಡರ್ ಒಂದನ್ನೂ ಇದೇ ಗ್ರಾಫ್‌ಗೆ ಹಾಕು, ರೆಫರಿ ಕೇಳುತ್ತಾರೆ’ ಅಂದರು. ಹೋಕ್ಸ್ಟ್ 33258 ಬೇಕು. ನಮ್ಮಲ್ಲಿ ಇಲ್ಲ, ಆರ್ಡರ್ ಹಾಕಿದರೆ ಎರಡು ತಿಂಗಳು.

ಬಯಲುಸೀಮೆ
ನಮ್ಮ ಲ್ಯಾಬ್‌ನಲ್ಲಿ ಇದೆ, ನಿಮಗೆ ಸಾಕಾಗುವಷ್ಟು ಕೊಡುತ್ತೇನೆ. ದಾವಣಗೆರೆಗೆ ಬರಲು ಆಗುತ್ತಾ?

ತುಂಗಾತೀರ
ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಅಣ್ಣ. ಐಸ್ ಡಬ್ಬ ತರಬೇಕಾ?

ಬಯಲುಸೀಮೆ
ಬೇಡ, ಪುಡಿ ಇದೆ. ಫಾಯಿಲ್ ಸುತ್ತಿ ಇಡುತ್ತೇನೆ, ಬೆಳಕು ತಾಗಬಾರದು. ಗ್ಲೌಸ್ ಮಾತ್ರ ನಿಮ್ಮ ಅಳತೆಯದ್ದು ತನ್ನಿ.